ಓರ್ಲಿಯನ್ಸಿನ ಡ್ಯೂಕ್ ಮತ್ತು ಅವನು ಒತ್ತೆ ಇಟ್ಟ ತಮ್ಮ

ಸಾಲ ಕೊಡುವವರು ಭದ್ರತೆ ಕೇಳುತ್ತಾರೆ ಎಂದು ವಾಣಿಜ್ಯ ವಿಭಾಗದ ನಾವೆಲ್ಲ ಓದುತ್ತೇವೆ. ಮನೆ, ಜಮೀನು, ಬಂಗಾರ, ಗೋದಾಮಿನಲ್ಲಿರುವ ಸರಕು, ಹೀಗೆ ಯಾವುದಾದರೂ ಆಗಬಹುದು. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಇದಕ್ಕೆ ಗಿರವಿ ಎನ್ನುತ್ತಾರೆ. ಪೇಟೆಯ ಕನ್ನಡದಲ್ಲೂ ಅದೇ ಗಿರವಿ. ಅಚ್ಚ ಕನ್ನಡದ ಮಾತು ಒತ್ತೆ. ಒತ್ತೆಯಾಳು ಎಂಬ ಪದವನ್ನು ಪತ್ರಿಕೆಗಳಲ್ಲಿ ಎಷ್ಟೋ ಸಲ ಓದಿದ್ದೆ. ಆದರೆ ಅದರೊಳಗೆ ಗಿರವಿ ಅಂಗಡಿಯ ಒತ್ತೆಯೇ ಕೂತಿದೆ ಎಂದು ನನಗೆ ಹೊಳೆದದ್ದು ಫ್ರಾನ್ಸಿನ ಒಬ್ಬ ಡ್ಯೂಕನ ಜೀವನ ಓದಿದ ಮೇಲೆ. ಅವನಿಗೆ 17 ವರ್ಷ ಇದ್ದಾಗ, ಅಂದರೆ ನಮ್ಮಲ್ಲಿ ಬಹಳ ಜನರಿಗೆ ಈಗ ಇರುವ ವಯಸ್ಸಿನಲ್ಲಿ, ಒಂದು ಸಾಲಕ್ಕೆ ತನ್ನ ಸ್ವಂತ ತಮ್ಮನನ್ನು ಒತ್ತೆ ಇಟ್ಟ. ಆ ತಮ್ಮ ಮನೆಗೆ ಹಿಂತಿರುಗಲು 32 ವರ್ಷ ಹಿಡಿಯಿತು.

ಈ ಡ್ಯೂಕನ ಹೆಸರು ಇಂಗ್ಲಿಷ್ ಪುಸ್ತಕಗಳಲ್ಲಿ ಚಾರ್ಲ್ಸ್. ಆದರೆ ಆ ಕಾಲದ ಫ್ರಾನ್ಸಿನಲ್ಲಿ ಮನೆಗೊಬ್ಬ ಚಾರ್ಲ್ಸ್, ಮನೆಗಿಬ್ಬರು ಜಾನ್. ಓದುವಾಗ ನನಗೇ ಎಷ್ಟು ಗೊಂದಲವಾಯಿತೆಂದರೆ, ಒಂದು ಹಾಳೆಯಲ್ಲಿ ವಂಶವೃಕ್ಷ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಬೇಕಾಯಿತು. ಆದ್ದರಿಂದ ನಮ್ಮ ಡ್ಯೂಕನನ್ನು ಫ್ರೆಂಚರು ಕರೆಯುವ ಹಾಗೆ ಶಾರ್ಲ್ ಎನ್ನುತ್ತೇನೆ. ರಾಜರು ಚಾರ್ಲ್ಸ್ ಆಗಿಯೇ ಇರಲಿ.

ಶಾರ್ಲ್ ಹುಟ್ಟಿದ್ದು 1394ರ ನವೆಂಬರ್ 24ರಂದು, ಪ್ಯಾರಿಸ್ಸಿನಲ್ಲಿ. ತಂದೆ ಲೂಯಿ, ಓರ್ಲಿಯನ್ಸಿನ ಡ್ಯೂಕ್. ಡ್ಯೂಕ್ ಎಂದರೆ ರಾಜನ ಕೆಳಗೆ ದೊಡ್ಡ ಪ್ರಾಂತ್ಯವೊಂದನ್ನು ಅನುಭವಿಸುವ, ಸ್ವಂತ ಸೈನ್ಯವನ್ನೂ ಇಟ್ಟುಕೊಳ್ಳಬಲ್ಲ ಮನುಷ್ಯ. ಲೂಯಿ ಬರೀ ಡ್ಯೂಕ್ ಅಲ್ಲ, ಫ್ರಾನ್ಸಿನ ರಾಜ ಆರನೇ ಚಾರ್ಲ್ಸ್‌ನ ಒಡಹುಟ್ಟಿದ ತಮ್ಮ. ತಾಯಿ ವ್ಯಾಲೆಂಟಿನಾ ವಿಸ್ಕೊಂಟಿ, ಇಟಲಿಯ ಮಿಲಾನ್ ದೊರೆಯ ಮಗಳು. ಆಕೆ ವರದಕ್ಷಿಣೆಯಾಗಿ ಆಸ್ತಿ ಎಂಬ ಊರನ್ನೇ ತಂದಿದ್ದಳು. ಊರಿನ ಹೆಸರೇ ಆಸ್ತಿ, ನಾನು ತಮಾಷೆ ಮಾಡುತ್ತಿಲ್ಲ.

ಇಷ್ಟೆಲ್ಲ ಇದ್ದರೂ ಮನೆಯಲ್ಲಿ ನೆಮ್ಮದಿ ಇರಲಿಲ್ಲ. 1392ರಲ್ಲಿ ರಾಜ ಆರನೇ ಚಾರ್ಲ್ಸ್‌ಗೆ ಮೊದಲ ಸಲ ಬುದ್ಧಿಭ್ರಮಣೆಯಾಯಿತು. ಕೆಲವು ತಿಂಗಳು ಚೆನ್ನಾಗಿರುತ್ತಿದ್ದ, ಮತ್ತೆ ತನ್ನವರ ಗುರುತೇ ಸಿಗುತ್ತಿರಲಿಲ್ಲ. ಒಂದು ಕಾಲದಲ್ಲಿ ತನ್ನ ಮೈ ಗಾಜಿನದು, ಮುಟ್ಟಿದರೆ ಒಡೆದುಹೋಗುತ್ತದೆ ಎಂದು ನಂಬಿದ್ದನಂತೆ. ಹೆಂಡತಿಯನ್ನೂ ಗುರುತಿಸದ ದಿನಗಳಲ್ಲಿ ತಮ್ಮನ ಹೆಂಡತಿ ವ್ಯಾಲೆಂಟಿನಾ ಹತ್ತಿರ ಬಂದರೆ ಸಮಾಧಾನವಾಗುತ್ತಿದ್ದ. ಅಷ್ಟೇ ಸಾಕಾಯಿತು. ಇಟಲಿಯಿಂದ ಬಂದವಳು ಮಾಟ ಮಾಡಿದ್ದಾಳೆ ಎಂದು ಪ್ಯಾರಿಸ್ಸಿನ ಜನ ಮಾತನಾಡಿಕೊಂಡರು. 1396ರಲ್ಲಿ ಆಕೆ ಆಸ್ಥಾನ ಬಿಟ್ಟು ಹೋಗಬೇಕಾಯಿತು. ರೋಗಿಗೆ ಕರುಣೆ ತೋರಿಸಿದವಳಿಗೇ ಈ ಗತಿ. ಆಗ ಶಾರ್ಲ್ ಇನ್ನೂ ಎರಡು ವರ್ಷದ ಒಳಗಿನ ಮಗು. ಅವನು ಬೆಳೆದದ್ದು ರಾಜಧಾನಿಯಿಂದ ದೂರ, ಅಮ್ಮನ ಜೊತೆಗೆ.

ರಾಜನಿಗೆ ಹುಷಾರಿಲ್ಲ ಎಂದರೆ ಖಜಾನೆಯ ಕೀಲಿ ಯಾರ ಕೈಯಲ್ಲಿ ಎಂಬ ಪ್ರಶ್ನೆ ಬರುತ್ತದೆ. ಒಂದು ಕಡೆ ರಾಜನ ತಮ್ಮ ಲೂಯಿ. ಇನ್ನೊಂದು ಕಡೆ ಅವರ ಚಿಕ್ಕಪ್ಪನ ಮನೆಯವರು, ಬರ್ಗಂಡಿಯ ಡ್ಯೂಕರು. ಚಿಕ್ಕಪ್ಪ ತೀರಿಹೋದ ಮೇಲೆ ಅವನ ಮಗ ಬರ್ಗಂಡಿಯ ಡ್ಯೂಕನಾದ. ಅವನ ಹೆಸರೂ ಜಾನ್, ಬಿರುದು ಭಯವಿಲ್ಲದವನು. ಈ ಮನುಷ್ಯನ ಹಿಂದಿನ ಒಂದು ಸಂಗತಿ ನಮ್ಮ ಕಥೆಗೆ ಬೇಕು. 1396ರಲ್ಲಿ ಅವನು ಉಸ್ಮಾನಿ ಸುಲ್ತಾನ ಬಾಯಜೀದ್‌ನ ಮೇಲೆ ಯುದ್ಧಕ್ಕೆ ಹೋಗಿ, ಡ್ಯಾನ್ಯೂಬ್ ನದಿಯ ದಂಡೆಯ ನಿಕೋಪೊಲಿಸ್‌ನಲ್ಲಿ ಸೋತು ಸೆರೆ ಸಿಕ್ಕಿದ್ದ. ಅವನೂ ಅವನ ಜೊತೆ ಸಿಕ್ಕ ದೊಡ್ಡ ಮನೆತನದವರೂ ಬಿಡುಗಡೆಯಾಗಲು 2 ಲಕ್ಷ ಚಿನ್ನದ ನಾಣ್ಯ ಒಪ್ಪಿಕೊಳ್ಳಬೇಕಾಯಿತು. ಮನುಷ್ಯನಿಗೆ ಬೆಲೆ ಕಟ್ಟುವುದು ಆ ಕಾಲದಲ್ಲಿ ಯಾರಿಗೂ ಹೊಸದಲ್ಲ ಎಂದು ತಿಳಿಯಲಿ ಎಂದು ಇದನ್ನು ಹೇಳಿದೆ.

ಶಾರ್ಲ್‌ಗೆ 11 ವರ್ಷ ಇದ್ದಾಗಲೇ ಮದುವೆ ಮಾಡಿದರು. ಹುಡುಗಿ ಇಸಬೆಲ್, ರಾಜನ ಮಗಳು, ವಯಸ್ಸು 16. ಅವಳು ಆಗಲೇ ವಿಧವೆ. ಏಳು ವರ್ಷ ತುಂಬುವ ಮೊದಲೇ ಅವಳನ್ನು ಇಂಗ್ಲೆಂಡಿನ ರಾಜ ಎರಡನೇ ರಿಚರ್ಡ್‌ಗೆ ಕೊಟ್ಟಿದ್ದರು. ಆ ರಾಜನನ್ನು ಸಿಂಹಾಸನದಿಂದ ಇಳಿಸಿದರು, ಅವನು ಸೆರೆಯಲ್ಲಿ ಸತ್ತ, ಹುಡುಗಿಯನ್ನು ಫ್ರಾನ್ಸಿಗೆ ವಾಪಸ್ ಕಳಿಸಿದರು. ರಾಣಿಯಾಗಿದ್ದವಳಿಗೆ ಈಗ ತನಗಿಂತ ಐದು ವರ್ಷ ಚಿಕ್ಕ ಹುಡುಗ ಗಂಡ.

ಮುಂದಿನ ವರ್ಷ, 1407ರ ನವೆಂಬರ್ 23ರ ರಾತ್ರಿ, ಪ್ಯಾರಿಸ್ಸಿನಲ್ಲಿ ಲೂಯಿ ರಾಣಿಯ ಮನೆಗೆ ಹೋಗಿದ್ದ. ರಾಜ ಕರೆಯುತ್ತಿದ್ದಾನೆ ಎಂದು ಸುಳ್ಳು ಸಂದೇಶ ಬಂತು. ಕೆಲವೇ ಜನ ಆಳುಗಳೊಂದಿಗೆ ಹೊರಟ. ವಿಯೇ ದ್ಯು ತಾಂಪ್ಲ್ ಎಂಬ ರಸ್ತೆಯಲ್ಲಿ ಕಾದಿದ್ದವರು ಅವನನ್ನು ಕೊಚ್ಚಿ ಹಾಕಿದರು. ಕೆಲವು ದಿನಗಳಲ್ಲೇ ಬರ್ಗಂಡಿಯ ಡ್ಯೂಕ್ ಇದನ್ನು ಮಾಡಿಸಿದವನು ತಾನೇ ಎಂದು ಒಪ್ಪಿಕೊಂಡು ಪ್ಯಾರಿಸ್ಸಿನಿಂದ ಓಡಿಹೋದ. ಸ್ವಂತ ದೊಡ್ಡಪ್ಪನ ಮಗನ ಕೊಲೆ. ಕೊಲೆಯಾದ ಮರುದಿನ ಶಾರ್ಲ್‌ಗೆ 13 ವರ್ಷ ತುಂಬಿತು.

ವ್ಯಾಲೆಂಟಿನಾ ಮಕ್ಕಳನ್ನು ಕರೆದುಕೊಂಡು ಚಳಿಗಾಲದಲ್ಲೇ ಪ್ಯಾರಿಸ್ಸಿಗೆ ಹೋಗಿ ರಾಜನ ಮುಂದೆ ನ್ಯಾಯ ಕೇಳಿದಳು. ರಾಜ ಅತ್ತ. ಆದರೆ ಏನೂ ಆಗಲಿಲ್ಲ. ಕೆಲವು ತಿಂಗಳಲ್ಲಿ ಬರ್ಗಂಡಿಯವನು ಸೈನ್ಯದ ಜೊತೆ ರಾಜಧಾನಿಗೆ ಬಂದು, ತಾನು ಮಾಡಿದ್ದು ಕೊಲೆಯಲ್ಲ, ಕ್ರೂರಿಯೊಬ್ಬನಿಂದ ದೇಶವನ್ನು ಉಳಿಸಿದ ಕೆಲಸ ಎಂದು ಒಬ್ಬ ವಿದ್ವಾಂಸನಿಂದ ಗಂಟೆಗಟ್ಟಲೆ ವಾದ ಮಾಡಿಸಿದ. ರಾಜ ಅವನಿಗೆ ಕ್ಷಮೆ ಕೊಟ್ಟ. ವ್ಯಾಲೆಂಟಿನಾ ಮತ್ತೊಮ್ಮೆ ಹೋಗಿ ಕೇಳಿದಳು. 1408ರ ಡಿಸೆಂಬರ್‌ನಲ್ಲಿ ಬ್ಲ್ವಾ ಕೋಟೆಯಲ್ಲಿ ತೀರಿಕೊಂಡಳು. ಗಂಡ ಸತ್ತ ಒಂದು ವರ್ಷದ ಮೇಲೆ ಕೆಲವು ದಿನ, ಅಷ್ಟೇ.

ಅವಳ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಗಂಡನಿಗೆ ಬೇರೆ ಹೆಂಗಸಿನಿಂದ ಹುಟ್ಟಿದ ಒಬ್ಬ ಮಗನಿದ್ದ. ಅವನನ್ನೂ ಅವಳು ತನ್ನ ಮಕ್ಕಳ ಜೊತೆಗೇ ಸಾಕಿದಳು. ಆ ಹುಡುಗ ಮುಂದೆ ಡ್ಯುನ್ವಾದ ಕೌಂಟ್ ಎಂದು ಹೆಸರಾದ. ನಾನು ಅವನನ್ನು ಡ್ಯುನ್ವಾ ಎಂದೇ ಕರೆಯುತ್ತೇನೆ, ಏಕೆಂದರೆ ಅವನ ಹೆಸರೂ ಜಾನ್. ಈ ಮನೆಯನ್ನು ಕೊನೆಗೆ ಎತ್ತಿ ನಿಲ್ಲಿಸಿದವರಲ್ಲಿ ಅವನು ಮುಖ್ಯನಾದ.

ಹೀಗೆ 14 ವರ್ಷದ ಶಾರ್ಲ್ ಮನೆಯ ಯಜಮಾನನಾದ. ಕೆಳಗೆ ತಮ್ಮಂದಿರಾದ ಫಿಲಿಪ್ ಮತ್ತು ಜಾನ್, ಪುಟ್ಟ ತಂಗಿ ಮಾರ್ಗರೆಟ್, ಮತ್ತು ಡ್ಯುನ್ವಾ. 1409ರ ಮಾರ್ಚ್‌ನಲ್ಲಿ ಶಾರ್ಟ್ರ್ ಎಂಬ ಊರಿನ ದೊಡ್ಡ ಚರ್ಚಿನಲ್ಲಿ ರಾಜನ ಎದುರು ರಾಜಿ ಮಾಡಿಸಿದರು. ತಂದೆಯನ್ನು ಕೊಂದವನು ಎದುರಿಗೆ ನಿಂತಿದ್ದಾನೆ, ಅವನನ್ನು ಕ್ಷಮಿಸಿದ್ದೇವೆ ಎಂದು ಮಕ್ಕಳು ಹೇಳಬೇಕು. ಅಳುತ್ತಲೇ ಹೇಳಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇಸಬೆಲ್ ಹೆಣ್ಣುಮಗುವಿಗೆ ಜನ್ಮ ಕೊಟ್ಟು ತೀರಿಹೋದಳು. ಮಗುವಿಗೆ ಜಾನ್ ಎಂದು ಹೆಸರಿಟ್ಟರು. ಫ್ರೆಂಚಿನಲ್ಲಿ ಹೆಣ್ಣುಮಕ್ಕಳಿಗೂ ಹೆಚ್ಚುಕಡಿಮೆ ಅದೇ ಹೆಸರು, ಏನು ಮಾಡುವುದು!

1410ರಲ್ಲಿ ಶಾರ್ಲ್‌ಗೆ ಎರಡನೇ ಮದುವೆ. ಹುಡುಗಿ ಬೊನ್, ದಕ್ಷಿಣ ಫ್ರಾನ್ಸಿನ ಆರ್ಮನ್ಯಾಕ್ ಕೌಂಟನ ಮಗಳು, ವಯಸ್ಸು ಸುಮಾರು 11. ಮದುವೆಯ ಉದ್ದೇಶ ಮಾವನ ಸೈನ್ಯ. ಅಲ್ಲಿಂದ ಮುಂದೆ ಶಾರ್ಲ್‌ನ ಪಕ್ಷಕ್ಕೆ ಮಾವನ ಹೆಸರೇ ಬಂತು, ಆರ್ಮನ್ಯಾಕರು. ಎದುರಿಗೆ ಬರ್ಗಂಡಿಯವರು. ದೇಶ ಎರಡು ಭಾಗವಾಯಿತು. ಸೈನಿಕರಿಗೆ ಸಂಬಳ ಕೊಡಲು ಡ್ಯೂಕನ ಮನೆಯ ಒಡವೆ, ಬೆಳ್ಳಿ ಪಾತ್ರೆಗಳು ಕರಗತೊಡಗಿದವು.

ಇಲ್ಲಿಂದ ಮುಂದಿನದು ಅವನ ಜೀವನದ ದೊಡ್ಡ ತಪ್ಪು. ಎದುರಾಳಿ ಬರ್ಗಂಡಿಯವನು 1411ರಲ್ಲಿ ಇಂಗ್ಲೆಂಡಿನಿಂದ ಸೈನ್ಯ ತರಿಸಿಕೊಂಡಿದ್ದ. ಅದನ್ನು ನೋಡಿ ಶಾರ್ಲ್‌ನ ಕಡೆಯವರು 1412ರ ಮೇ ತಿಂಗಳಲ್ಲಿ ಅದೇ ಇಂಗ್ಲೆಂಡಿಗೆ ಇನ್ನೂ ದೊಡ್ಡ ಬೆಲೆ ಹೇಳಿದರು. ನೀವು ನಮ್ಮ ಕಡೆ ಬನ್ನಿ, ದಕ್ಷಿಣದ ಅಕ್ವಿಟೇನ್ ಪ್ರಾಂತ್ಯವನ್ನು ನಿಮಗೆ ಮರಳಿ ಸಿಗುವಂತೆ ಮಾಡುತ್ತೇವೆ ಎಂಬ ಒಪ್ಪಂದ. ಫ್ರಾನ್ಸಿಗೂ ಇಂಗ್ಲೆಂಡಿಗೂ ಹಲವು ದಶಕಗಳಿಂದ ನಡೆಯುತ್ತಿದ್ದ ಯುದ್ಧ, ಅಂದರೆ ನಾವು ಇತಿಹಾಸದಲ್ಲಿ ಓದುವ ನೂರು ವರ್ಷಗಳ ಯುದ್ಧ, ಇನ್ನೂ ಮುಗಿದಿರಲಿಲ್ಲ. ಶತ್ರುವಿನ ಕೈಗೆ ಮನೆಯ ಬಾಗಿಲ ಕೀಲಿ ಕೊಟ್ಟ ಹಾಗಾಯಿತು. ಇಂಗ್ಲೆಂಡಿನ ರಾಜಕುಮಾರ ಕ್ಲಾರೆನ್ಸಿನ ಡ್ಯೂಕ್ ಸೈನ್ಯದೊಂದಿಗೆ ನಾರ್ಮಂಡಿಗೆ ಬಂದಿಳಿದ. ಆದರೆ ಆಗಸ್ಟ್ ತಿಂಗಳಲ್ಲಿ ಫ್ರಾನ್ಸಿನ ಎರಡೂ ಪಕ್ಷಗಳು ತಾವತಾವೇ ರಾಜಿಯಾಗಿದ್ದವು. ಕರೆಸಿಕೊಂಡವರಿಗೆ ಈಗ ಕೆಲಸವಿಲ್ಲ. ಹಿಂದೆ ಹೋಗಿ ಎಂದರೆ ಅವರು ಹೋಗುತ್ತಾರೆಯೇ? ಊರುಗಳನ್ನು ಸುಡುತ್ತ ದಕ್ಷಿಣಕ್ಕೆ ನಡೆದರು, ಕೂಲಿ ಕೊಟ್ಟರೆ ಮಾತ್ರ ಹೊರಡುತ್ತೇವೆ ಎಂದು ಪಟ್ಟುಹಿಡಿದರು.

1412ರ ನವೆಂಬರ್ 14ರಂದು ಬ್ಯೂಜಾನ್ಸೆ ಎಂಬಲ್ಲಿ ಪತ್ರವಾಯಿತು. ಕೊಡಬೇಕಾದ ಹಣ ಲಕ್ಷಕ್ಕೂ ಹೆಚ್ಚು ಎಕ್ಯು. ಎಕ್ಯು ಎಂದರೆ ಫ್ರಾನ್ಸಿನ ಚಿನ್ನದ ನಾಣ್ಯ. ಕೈಯಲ್ಲಿ ಅಷ್ಟು ಹಣ ಇಲ್ಲ. ಹಣ ತೀರುವ ತನಕ ಭದ್ರತೆಯಾಗಿ ಕೆಲವರನ್ನು ಒಪ್ಪಿಸಬೇಕು. ಆ ಪಟ್ಟಿಯಲ್ಲಿ ಮೊದಲನೆಯವನು ಶಾರ್ಲ್‌ನ ಕಿರಿಯ ತಮ್ಮ, ಅಂಗುಲೇಮ್‌ನ ಕೌಂಟ್ ಜಾನ್. ಅವನಿಗೆ ಆಗ ಹನ್ನೆರಡು ಹದಿಮೂರು ವರ್ಷ. ಅಣ್ಣನಿಗೆ 18 ತುಂಬಲು ಇನ್ನೂ ಹತ್ತು ದಿನ ಇತ್ತು. ಇವತ್ತಿನ ಕಾನೂನಿನಲ್ಲಿ 18 ತುಂಬದವನು ಮಾಡಿಕೊಂಡ ಕರಾರಿಗೆ ಬೆಲೆಯೇ ಇಲ್ಲ.

ಅಣ್ಣನಿಗೆ ಮೋಸ ಮಾಡುವ ಮನಸ್ಸಿರಲಿಲ್ಲ. ಒಂದೆರಡು ವರ್ಷದಲ್ಲಿ ಹಣ ಹೊಂದಿಸಿ ಬಿಡಿಸಿಕೊಳ್ಳಬಹುದು ಎಂದು ಎಲ್ಲರೂ ಅಂದುಕೊಂಡಿದ್ದರು. ಗಿರವಿ ಇಡುವ ಯಾರೂ ಹಾಗೇ ಅಂದುಕೊಳ್ಳುತ್ತಾರೆ.

ಮೂರು ವರ್ಷಕ್ಕೆ ಅಣ್ಣನೇ ಸೆರೆಯಾದ. ಇಂಗ್ಲೆಂಡಿನ ಹೊಸ ರಾಜ ಐದನೇ ಹೆನ್ರಿ ಫ್ರಾನ್ಸಿನ ಮೇಲೆ ದಂಡೆತ್ತಿ ಬಂದ. 1415ರ ಅಕ್ಟೋಬರ್ 25ರಂದು ಅಜಿನ್‌ಕೋರ್ಟ್ ಎಂಬ ಹಳ್ಳಿಯ ಬಳಿ ಯುದ್ಧ. ಫ್ರೆಂಚರ ಸಂಖ್ಯೆ ಹೆಚ್ಚು, ಆದರೆ ಮಳೆ ಬಿದ್ದ ಉತ್ತ ಹೊಲದ ಕೆಸರಿನಲ್ಲಿ ಕಬ್ಬಿಣದ ಕವಚ ತೊಟ್ಟು ಇಕ್ಕಟ್ಟಿನಲ್ಲಿ ಮುಂದೆ ಹೋದವರು ಇಂಗ್ಲಿಷರ ಬಾಣಗಳಿಗೆ ಸಿಕ್ಕಿದರು. ಬಿದ್ದವರ ಮೇಲೆ ಬಿದ್ದರು. ಯುದ್ಧ ಮುಗಿದ ಮೇಲೆ ಹೆಣಗಳ ರಾಶಿಯ ಕೆಳಗಿನಿಂದ ಶಾರ್ಲ್‌ನನ್ನು ಜೀವಂತ ಎಳೆದರು. ವಯಸ್ಸು 20. ತಂದೆಯನ್ನು ಕೊಲ್ಲಿಸಿದ ಬರ್ಗಂಡಿಯ ಡ್ಯೂಕ್ ಆ ಯುದ್ಧಕ್ಕೆ ಬರಲೇ ಇಲ್ಲ. ಆದರೆ ಅವನ ಇಬ್ಬರು ತಮ್ಮಂದಿರು ಬಂದರು, ಫ್ರಾನ್ಸಿನ ಪರವಾಗಿ ಹೋರಾಡಿ ಅಲ್ಲೇ ಸತ್ತರು.

ಆ ಕಾಲದ ರೂಢಿಯ ಪ್ರಕಾರ ದೊಡ್ಡ ಮನೆತನದ ಸೆರೆಯಾಳು ಹಣ ಕೊಟ್ಟು ಹೊರಗೆ ಬರುತ್ತಿದ್ದ. ಶಾರ್ಲ್‌ಗೆ ಆ ದಾರಿಯನ್ನು ಮುಚ್ಚಿದರು. ಫ್ರಾನ್ಸಿನ ಸಿಂಹಾಸನಕ್ಕೆ ಹತ್ತಿರದ ರಕ್ತಸಂಬಂಧಿ, ಒಂದು ಪಕ್ಷದ ನಾಯಕ, ಇವನನ್ನು ಬಿಟ್ಟರೆ ಅಪಾಯ ಎಂದು ಐದನೇ ಹೆನ್ರಿ ತಿಳಿದಿದ್ದ. 1422ರಲ್ಲಿ ಸಾಯುವಾಗಲೂ, ಹಸುಗೂಸಾಗಿದ್ದ ತನ್ನ ಮಗ ದೊಡ್ಡವನಾಗುವ ತನಕ ಶಾರ್ಲ್‌ನನ್ನು ಬಿಡಬಾರದು ಎಂದು ಹೇಳಿಹೋದ. ಜೊತೆಯಲ್ಲಿ ಸೆರೆ ಸಿಕ್ಕ ಬೂರ್ಬನ್ ಡ್ಯೂಕ್ ಇಂಗ್ಲೆಂಡಿನಲ್ಲೇ ಸತ್ತ, ಸೇನಾಧಿಪತಿ ಬೂಸಿಕೊ ಕೂಡ ಅಲ್ಲೇ ಸತ್ತ.

ಸರಪಳಿ ಹಾಕಿದ ಕತ್ತಲೆ ಕೋಣೆಯೇನೂ ಅಲ್ಲ. ಲಂಡನ್ ಟವರ್, ವಿಂಡ್ಸರ್, ಪಾಂಟಿಫ್ರಾಕ್ಟ್, ಫಾದರಿಂಗೇ, ಬೋಲಿಂಗ್‌ಬ್ರೋಕ್, ಆಂಪ್ಟ್‌ಹಿಲ್, ಹೀಗೆ ಕೋಟೆಯಿಂದ ಕೋಟೆಗೆ ಕರೆದುಕೊಂಡು ಹೋಗುತ್ತಿದ್ದರು. ಆಳುಗಳಿದ್ದರು, ಪುಸ್ತಕಗಳಿದ್ದವು, ಪತ್ರಗಳು ಬರುತ್ತಿದ್ದವು. ಆದರೆ ಪತ್ರಗಳಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ಸಾವಿನ ಸುದ್ದಿ. 1418ರಲ್ಲಿ ಮಾವನನ್ನು ಪ್ಯಾರಿಸ್ಸಿನಲ್ಲಿ ಕೊಂದರು. 1420ರಲ್ಲಿ ಆಸ್ತಿಪಾಸ್ತಿ ನೋಡಿಕೊಳ್ಳುತ್ತಿದ್ದ ತಮ್ಮ ಫಿಲಿಪ್ ತೀರಿಹೋದ. ಬಿಟ್ಟು ಬಂದಾಗ ಆರು ವರ್ಷದವಳಾಗಿದ್ದ ಮಗಳು ಬೆಳೆದಳು, ಮದುವೆಯಾದಳು, 1432ರಲ್ಲಿ ಸತ್ತಳು. ಹೆಂಡತಿ ಬೊನ್ ಕೂಡ ಅವನು ಹಿಂತಿರುಗುವ ಮೊದಲೇ ಹೋದಳು. ಇಬ್ಬರನ್ನೂ ಅವನು ಮತ್ತೆ ನೋಡಲಿಲ್ಲ.

ತಮ್ಮ ಜಾನ್‌ನ ಸ್ಥಿತಿ ಇದಕ್ಕಿಂತ ವಿಚಿತ್ರ. ಅಣ್ಣ ರಾಜಕೀಯ ಸೆರೆಯಾಳು, ತಮ್ಮ ಬರೀ ಭದ್ರತೆ. 1421ರಲ್ಲಿ ಕ್ಲಾರೆನ್ಸಿನ ಡ್ಯೂಕ್ ಯುದ್ಧದಲ್ಲಿ ಸತ್ತಾಗ ಜಾನ್ ಬಿಡುಗಡೆಯಾಗಲಿಲ್ಲ. ಸಾಲದ ಪತ್ರದ ಜೊತೆಗೆ ಅವನೂ ಡ್ಯೂಕನ ವಿಧವೆಗೆ, ಅವಳ ಕಡೆಯಿಂದ ಅವಳ ಮೊದಲ ಗಂಡನ ಮಕ್ಕಳ ಮನೆಗೆ ಹೋದ. ಮನೆ, ಹೊಲ ವಾರಸುದಾರರಿಗೆ ಹೋಗುವ ಹಾಗೆ. ಅವನಿಗೆ ಮದುವೆಯಿಲ್ಲ, ಯುದ್ಧವಿಲ್ಲ, ಪದವಿಯಿಲ್ಲ. ಪುಸ್ತಕ ಓದಿದ, ಪುಸ್ತಕಗಳನ್ನು ಕೈಯಾರೆ ನಕಲು ಮಾಡಿದ. ಇಂಗ್ಲಿಷ್ ಕವಿ ಚಾಸರ್‌ನ ಕ್ಯಾಂಟರ್‌ಬರಿ ಕಥೆಗಳ ಅವನ ಪ್ರತಿ ಈಗಲೂ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

ಶಾರ್ಲ್ ಬರೆಯತೊಡಗಿದ. ಫ್ರೆಂಚ್ ಭಾಷೆಯಲ್ಲಿ ಅವನನ್ನು ಇವತ್ತಿಗೂ ದೊಡ್ಡ ಕವಿ ಎನ್ನುತ್ತಾರೆ. ಸಣ್ಣ ಸಣ್ಣ ಕವಿತೆಗಳು, ವಿಷಯ ವಿರಹ, ಕಾಯುವುದು, ಬೇಸರ, ಋತುಗಳು ಬದಲಾಗುವುದು. ಇದಕ್ಕಿಂತ ನನಗೆ ಆಶ್ಚರ್ಯವಾದದ್ದು ಇನ್ನೊಂದು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ 6 ಸಾವಿರಕ್ಕೂ ಹೆಚ್ಚು ಸಾಲುಗಳ ಇಂಗ್ಲಿಷ್ ಕವಿತೆಗಳ ಒಂದು ಹಸ್ತಪ್ರತಿ ಇದೆ. ಅದೂ ಅವನದೇ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಸೆರೆ ಹಿಡಿದವರ ಭಾಷೆಯನ್ನು ಕಲಿತು ಅದರಲ್ಲೇ ಕವಿತೆ ಕಟ್ಟಿದ. ಮನೆಯಲ್ಲಿ ಒಂದು ಭಾಷೆ ಮಾತನಾಡಿ ಪರೀಕ್ಷೆಯನ್ನು ಇನ್ನೊಂದು ಭಾಷೆಯಲ್ಲಿ ಬರೆಯುವ ನಮ್ಮಂಥವರಿಗೆ ಅದು ಎಷ್ಟು ಕಷ್ಟ ಎಂದು ಗೊತ್ತು.

ಅವನು ಇಲ್ಲದಾಗಲೇ ಅವನ ಊರು ಲೋಕಪ್ರಸಿದ್ಧವಾಯಿತು. 1428ರ ಅಕ್ಟೋಬರ್‌ನಲ್ಲಿ ಇಂಗ್ಲಿಷರು ಓರ್ಲಿಯನ್ಸಿಗೆ ಮುತ್ತಿಗೆ ಹಾಕಿದರು. ಒಡೆಯನನ್ನು ಸೆರೆಯಲ್ಲಿಟ್ಟುಕೊಂಡು ಅವನ ಊರಿನ ಮೇಲೆ ಬೀಳುವುದು ಆ ಕಾಲದ ಯುದ್ಧನೀತಿಗೂ ಒಪ್ಪಿಗೆಯಾಗದ ಕೆಲಸ. ಊರನ್ನು ಕಾಯುತ್ತಿದ್ದವನು ಡ್ಯುನ್ವಾ, ವ್ಯಾಲೆಂಟಿನಾ ಸಾಕಿದ ಅದೇ ಹುಡುಗ. ಅವನ ಸಹಾಯಕ್ಕೆ ಬಂದವಳು ಜೋನ್ ಆಫ್ ಆರ್ಕ್, ಹದಿನೇಳರ ಆಸುಪಾಸಿನ ರೈತರ ಮಗಳು. 1429ರ ಮೇ 8ರಂದು ಮುತ್ತಿಗೆ ಮುರಿಯಿತು. ಸೆರೆಯಲ್ಲಿರುವ ಡ್ಯೂಕನನ್ನು ಬಿಡಿಸುವುದೂ ತನ್ನ ಕೆಲಸಗಳಲ್ಲಿ ಒಂದು ಎಂದು ಜೋನ್ ನಂಬಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲೇ ಇಲ್ಲ. ಆದರೆ ಡ್ಯೂಕನ ಹೆಸರಿನ ಒಂದು ಲೆಕ್ಕದ ಕಾಗದ ಉಳಿದಿದೆ. ಜೋನ್‌ಗೆ ಡ್ಯೂಕನ ಮನೆತನದ ಬಣ್ಣಗಳಲ್ಲಿ, ಕೆಂಪು ಮತ್ತು ಹಸಿರು ಬಟ್ಟೆಯಲ್ಲಿ ಉಡುಪು ಹೊಲಿಸಿದ್ದಕ್ಕೆ ಬಟ್ಟೆ ವ್ಯಾಪಾರಿಗೂ ದರ್ಜಿಗೂ ಸೇರಿ 13 ಚಿನ್ನದ ಎಕ್ಯು ಕೊಡಬೇಕು ಎಂಬ ಆದೇಶ ಅದು. ಸೆರೆಯಲ್ಲಿದ್ದುಕೊಂಡೂ ಅವನು ಲೆಕ್ಕ ತೀರಿಸಿದ. ಎರಡು ವರ್ಷಕ್ಕೆ ಜೋನ್‌ಳನ್ನು ರೂಆನ್‌ನಲ್ಲಿ ಸುಟ್ಟರು.

ಹಣ ಮಾತ್ರ ಹೊಂದುತ್ತಿರಲಿಲ್ಲ. ಯುದ್ಧದಿಂದ ಜಮೀನುಗಳು ಪಾಳು ಬಿದ್ದಿದ್ದವು, ಬರುವ ಆದಾಯ ಕಡಿಮೆ, ತಮ್ಮನ ಸಾಲದ ಕಂತು ಬೇರೆ. 1437ರಲ್ಲಿ ಪೆರಿಗೋರ್ ಪ್ರಾಂತ್ಯವನ್ನೇ ಮಾರಿದರು.

ಕೊನೆಗೆ ಕೈ ಹಿಡಿದವರು ಯಾರು ಗೊತ್ತೇ? ಬರ್ಗಂಡಿಯ ಮನೆ. ತಂದೆಯನ್ನು ಕೊಲ್ಲಿಸಿದ ಜಾನ್ 1419ರಲ್ಲಿ ತಾನೂ ಕೊಲೆಯಾಗಿದ್ದ, ಮೊಂಟರೋ ಎಂಬ ಊರಿನ ಸೇತುವೆಯ ಮೇಲೆ, ಎದುರು ಪಕ್ಷದವರ ಕೈಯಲ್ಲಿ. ಈಗ ಡ್ಯೂಕ್ ಆಗಿದ್ದವನು ಅವನ ಮಗ ಫಿಲಿಪ್. ಅಂದರೆ ಇಬ್ಬರದೂ ಒಂದೇ ಗಾಯ. ಫಿಲಿಪ್‌ನ ಹೆಂಡತಿ ಪೋರ್ಚುಗಲ್ಲಿನ ಇಸಬೆಲ್ಲಾ ಮಾತುಕತೆಯಲ್ಲಿ ಬಹಳ ಜಾಣೆ. 1439ರಲ್ಲಿ ಕ್ಯಾಲೆ ಬಳಿಯ ಗ್ರಾವ್‌ಲೀನ್‌ನಲ್ಲಿ ಇಂಗ್ಲಿಷರ ಜೊತೆ ವಾರಗಟ್ಟಲೆ ಕೂತು ಮಾತನಾಡಿ ದಾರಿ ಮಾಡಿದಳು. ಎರಡು ದೇಶಗಳಿಗೆ ಸಂಧಿಯಾಗಲಿಲ್ಲ, ಶಾರ್ಲ್‌ನ ಬಿಡುಗಡೆಯಾದರೂ ಗಟ್ಟಿಯಾಯಿತು. ಬೆಲೆ ಮತ್ತೆ ಲಕ್ಷಕ್ಕೂ ಮೀರಿದ ಚಿನ್ನದ ನಾಣ್ಯ. ಒಂದು ಪಾಲು ನಗದು, ಉಳಿದದ್ದಕ್ಕೆ ಫ್ರಾನ್ಸಿನ ದೊಡ್ಡವರು ಜಾಮೀನು ನಿಂತರು. 1440ರ ಅಕ್ಟೋಬರ್ 28ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವನು ಪ್ರಮಾಣ ಮಾಡಿದ. ಇಂಗ್ಲೆಂಡ್ ರಾಜನ ಚಿಕ್ಕಪ್ಪ ಗ್ಲೌಸ್ಟರ್ ಡ್ಯೂಕ್‌ಗೆ ಈ ಬಿಡುಗಡೆ ಇಷ್ಟವಿರಲಿಲ್ಲ, ಪ್ರಾರ್ಥನೆ ಶುರುವಾದಾಗಲೇ ಎದ್ದು ಹೊರಟುಹೋದ.

ನವೆಂಬರ್‌ನಲ್ಲಿ ಸಮುದ್ರ ದಾಟಿ ಬಂದ ಶಾರ್ಲ್‌ನನ್ನು ಇಸಬೆಲ್ಲಾಳೇ ಬಂದು ಎದುರುಗೊಂಡಳು. ಹೋದಾಗ 20 ವರ್ಷದವನು, ಈಗ 46ರ ಅಂಚು. ಅದೇ ತಿಂಗಳು ಮೂರನೇ ಮದುವೆ. ಹುಡುಗಿ ಕ್ಲೀವ್ಸ್‌ನ ಮೇರಿ, 14 ವರ್ಷ, ಫಿಲಿಪ್‌ನ ಅಕ್ಕನ... ಅಲ್ಲ, ಇಷ್ಟು ಹೇಳಿದರೆ ಸಾಕಾಗದು. ಅವಳು ತಂದೆಯನ್ನು ಕೊಲ್ಲಿಸಿದ ಜಾನ್‌ನ ಮಗಳ ಮಗಳು. ಕೊಲೆಯಾದವನ ಮಗ, ಕೊಲೆ ಮಾಡಿಸಿದವನ ಮೊಮ್ಮಗಳು. ಶಾರ್ಟ್ರ್ ಚರ್ಚಿನಲ್ಲಿ ಅಳುತ್ತ ಹೇಳಿಸಿದ ಕ್ಷಮೆಗಿಂತ ಇದು ನಿಜವಾದ ರಾಜಿ ಎಂದು ನನಗನಿಸುತ್ತದೆ. ಆ ಹುಡುಗಿಯನ್ನು ಯಾರಾದರೂ ಕೇಳಿದರೇ ಎಂಬುದು ಬೇರೆ ಪ್ರಶ್ನೆ. ಕೇಳಿರಲಾರರು.

ಅಣ್ಣ ಬಂದ, ತಮ್ಮ ಬರಲಿಲ್ಲ. ಜಾನ್ ಇನ್ನೂ ಐದು ಚಳಿಗಾಲ ಅಲ್ಲೇ ಕಳೆಯಬೇಕಾಯಿತು. ಫ್ರಾನ್ಸಿನ ರಾಜ ಏಳನೇ ಚಾರ್ಲ್ಸ್ ಬರ್ಗಂಡಿಯವರ ಜೊತೆ ಸ್ನೇಹ ಬೆಳೆಸಿ ಬಂದ ಶಾರ್ಲ್‌ನನ್ನು ಮೊದಲು ಅನುಮಾನದಿಂದಲೇ ನೋಡಿದ, ಆಮೇಲೆ ಸಹಾಯ ಮಾಡಿದ. 1444ರಲ್ಲಿ ಎರಡು ದೇಶಗಳ ನಡುವೆ ಯುದ್ಧವಿರಾಮವಾಯಿತು. ಡ್ಯುನ್ವಾ ಓಡಾಡಿದ, ಹೊಸ ಪತ್ರಗಳಾದವು. 1445ರ ವಸಂತದಲ್ಲಿ ಜಾನ್ ಹೊರಗೆ ಬಂದ. ಹನ್ನೆರಡು ಹದಿಮೂರರಲ್ಲಿ ಹೋದವನಿಗೆ ಈಗ 45. ಮದುವೆ ಮಾಡಿಕೊಂಡ, ಕೋನ್ಯಾಕ್ ಊರಿನಲ್ಲಿ ನೆಲೆಸಿದ, ಮನೆ ಕಟ್ಟಿಸಿದ, ಮಕ್ಕಳಾದವು. ಊರಿನವರು ಅವನನ್ನು ಒಳ್ಳೆಯ ಜಾನ್ ಎಂದು ಕರೆದರು. ಅಣ್ಣನ ಮೇಲೆ ಅವನು ಯಾವತ್ತೂ ತಿರುಗಿಬೀಳಲಿಲ್ಲ.

ಶಾರ್ಲ್ ಅಮ್ಮನ ಕಡೆಯ ಹಕ್ಕಿನಿಂದ ಮಿಲಾನ್ ಪಡೆಯಲು ನೋಡಿದ, ಆಸ್ತಿ ಊರಷ್ಟೇ ಉಳಿಯಿತು. ಅಲ್ಲಿಗೆ ರಾಜಕೀಯ ಸಾಕೆನಿಸಿ ಬ್ಲ್ವಾ ಕೋಟೆಯಲ್ಲಿ ಕೂತ. ಅವನ ಸ್ವಂತ ಕವಿತೆಗಳ ಪುಸ್ತಕದಲ್ಲಿ ಖಾಲಿ ಹಾಳೆಗಳಿದ್ದವು. ಮನೆಗೆ ಬಂದ ಅತಿಥಿಗಳು, ಸ್ನೇಹಿತರು, ಆಳುಕಾಳುಗಳು ಕೂಡ ಅದರಲ್ಲಿ ಬರೆದರು. ಒಂದೇ ಮೊದಲ ಸಾಲು ಕೊಟ್ಟು ಎಲ್ಲರೂ ಅದರ ಮೇಲೆ ಕವಿತೆ ಕಟ್ಟಬೇಕು ಎಂಬ ಸ್ಪರ್ಧೆ ಇಡುತ್ತಿದ್ದ. ಇದನ್ನು ನಮ್ಮ ನಾನಾಗೆ ಹೇಳಿದಾಗ ಅವರು ನಕ್ಕರು. ನಮ್ಮ ಉರ್ದು ಮುಶಾಯಿರಾಗಳಲ್ಲಿ ಒಂದು ಮಿಸ್ರಾ ಕೊಟ್ಟು ಎಲ್ಲ ಶಾಯರ್‌ಗಳಿಂದ ಗಜಲ್ ಬರೆಸುವ ತರಹಿ ಮುಶಾಯಿರಾ ಇದೇ ಅಲ್ಲವೇ. ಬ್ಲ್ವಾದ ಅಂಥ ಒಂದು ಸ್ಪರ್ಧೆಯಲ್ಲಿ ಬರೆದವರಲ್ಲಿ ಫ್ರಾನ್ಸ್ವಾ ವಿಯೋಂ ಒಬ್ಬ. ಬಡವ, ಕಳ್ಳತನದ ಆರೋಪಿ, ಜಗಳದಲ್ಲಿ ಒಬ್ಬನನ್ನು ಕೊಂದವನು, ಆದರೆ ಆ ಕಾಲದ ಅತಿ ದೊಡ್ಡ ಕವಿ. ಡ್ಯೂಕನ ಪುಸ್ತಕದಲ್ಲಿ ಅವನಿಗೂ ಜಾಗ ಸಿಕ್ಕಿತು. ವಯಸ್ಸಾದ ಮೇಲೆ ಶಾರ್ಲ್ ಓದಲು ಕನ್ನಡಕ ಹಾಕುತ್ತಿದ್ದ, ಆ ಕನ್ನಡಕದ ಮೇಲೂ ಕವಿತೆ ಬರೆದಿದ್ದಾನೆ.

ಮದುವೆಯಾಗಿ 17 ವರ್ಷದ ಮೇಲೆ, 1457ರಲ್ಲಿ, ಮೇರಿಗೆ ಮೊದಲ ಮಗಳು. 1462ರಲ್ಲಿ ಮಗ ಲೂಯಿ. ಆಗ ಶಾರ್ಲ್‌ಗೆ 67. ಕೊಲೆಯಾದ ತಂದೆಯ ಹೆಸರನ್ನೇ ಮಗನೂ ಹೊತ್ತ. ಆಮೇಲೆ ಇನ್ನೊಬ್ಬಳು ಮಗಳು. 1464ರ ಕೊನೆಯಲ್ಲಿ ರಾಜ ಕರೆದ ಸಭೆಗೆ ತೂರ್ ಊರಿಗೆ ಹೋದವನು ಹಿಂತಿರುಗುವಾಗ ದಾರಿಯಲ್ಲಿ, ಅಂಬ್ವಾಸ್‌ನಲ್ಲಿ, 1465ರ ಜನವರಿಯಲ್ಲಿ ತೀರಿಹೋದ. ಜಾನ್ ಎರಡು ವರ್ಷದ ನಂತರ ಹೋದ.

ಇಬ್ಬರು ಸೆರೆಯಾಳುಗಳ ಈ ಮನೆ ಅಲ್ಲಿಗೆ ಮುಗಿಯಲಿಲ್ಲ. ರಾಜನ ನೇರ ಸಾಲಿನಲ್ಲಿ ಗಂಡುಮಕ್ಕಳಿಲ್ಲದೆ ಹೋದಾಗ, 1498ರಲ್ಲಿ ಶಾರ್ಲ್‌ನ ಮಗ ಹನ್ನೆರಡನೇ ಲೂಯಿ ಎಂಬ ಹೆಸರಿನಲ್ಲಿ ಫ್ರಾನ್ಸಿನ ರಾಜನಾದ. ಅವನಿಗೂ ಗಂಡುಮಕ್ಕಳು ಉಳಿಯಲಿಲ್ಲ. 1515ರಲ್ಲಿ ಸಿಂಹಾಸನ ಜಾನ್‌ನ ಮೊಮ್ಮಗ ಒಂದನೇ ಫ್ರಾನ್ಸಿಸ್‌ಗೆ ಹೋಯಿತು. ಫ್ರಾನ್ಸಿಸ್ ಮದುವೆಯಾಗಿದ್ದು ಲೂಯಿಯ ಮಗಳು ಕ್ಲೋಡ್‌ಳನ್ನು. ಅಣ್ಣನ ಮೊಮ್ಮಗಳು, ತಮ್ಮನ ಮೊಮ್ಮಗ.

ಈ ಫ್ರಾನ್ಸಿಸ್ 1525ರಲ್ಲಿ ಇಟಲಿಯ ಪಾವಿಯಾ ಯುದ್ಧದಲ್ಲಿ ಸೋತು ಸ್ಪೇನಿನ ರಾಜನ ಕೈಗೆ ಸೆರೆ ಸಿಕ್ಕ. ತಾನು ಹೊರಗೆ ಬರಲು ಭದ್ರತೆ ಕೊಡಬೇಕಾಯಿತು. 1526ರ ಮಾರ್ಚ್‌ನಲ್ಲಿ ಎರಡು ದೇಶಗಳ ಗಡಿಯ ಬಿದಸೋವಾ ನದಿಯ ನಡುವೆ ದೋಣಿಗಳು ಎದುರಾದವು. ಅಪ್ಪ ಈ ಕಡೆಗೆ ಬಂದ, ಎಂಟು ವರ್ಷದ ಮತ್ತು ಏಳು ತುಂಬದ ಇಬ್ಬರು ಗಂಡುಮಕ್ಕಳು ಆ ಕಡೆಗೆ ಹೋದರು. ಶಾರ್ಲ್‌ಗೂ ಜಾನ್‌ಗೂ ಇಬ್ಬರಿಗೂ ಅವರು ಮರಿಮಕ್ಕಳು. ಬಿಡಿಸಿಕೊಳ್ಳಲು ಗೊತ್ತಾದ ಮೊತ್ತ 20 ಲಕ್ಷ ಎಕ್ಯು, ಅದರಲ್ಲಿ 12 ಲಕ್ಷ ಮೊದಲೇ ನಗದು. ನಾಣ್ಯಗಳನ್ನು ಎಣಿಸಿ ಪರೀಕ್ಷಿಸಲು ತಿಂಗಳುಗಳು ಬೇಕಾದವು. 1530ರ ಜುಲೈ 1ರಂದು ಅದೇ ನದಿಯಲ್ಲಿ ಚಿನ್ನ ತುಂಬಿದ ದೋಣಿ ಒಂದು ದಡದಿಂದ ಹೊರಟಿತು, ಮಕ್ಕಳ ದೋಣಿ ಇನ್ನೊಂದು ದಡದಿಂದ.